ಬ್ರೂಕ್‌ಲ್ಯಾಂಡ್‌ನ ಚಾರ್ಟರ್ ಶಾಲೆಗಳು: ಮೂರನೇ ಲಾಟರಿಯಲ್ಲಿ ಫಲಿಸಿದ ನನ್ನ ಲೆಕ್ಕ

ವಾಷಿಂಗ್ಟನ್ ಡಿ.ಸಿ.ಯ ಈಶಾನ್ಯ ಭಾಗದ ಬ್ರೂಕ್‌ಲ್ಯಾಂಡ್‌ನಲ್ಲೇ ಇದ್ದು, ಮಗಳನ್ನು ಇಲ್ಲಿನ ಚಾರ್ಟರ್ ಶಾಲೆಗೇ ಸೇರಿಸುತ್ತೇನೆ ಎಂದಾಗ ನಮ್ಮ ಬಳಗದಲ್ಲಿ ಒಪ್ಪಿದವರು ಯಾರೂ ಇರಲಿಲ್ಲ. ಸರ್ಕಾರದ ಹಣದಲ್ಲಿ, ಆದರೆ ಸ್ವತಂತ್ರ ಆಡಳಿತದಲ್ಲಿ ನಡೆಯುವ ಈ ಉಚಿತ ಶಾಲೆಗಳಲ್ಲಿ ಸೀಟು ಹಂಚುವುದು ಲಾಟರಿಯಿಂದ. ಯುಗಾದಿ ಊಟಕ್ಕೆ ಕುಳಿತಿದ್ದಾಗ ಹಿರಿಯರೊಬ್ಬರು, "ಲಾಟರಿ ನಂಬಿಕೊಂಡು ಮಗುವಿನ ಓದು ಹಾಳು ಮಾಡಬೇಡಮ್ಮ, ಪಕ್ಕದ ವರ್ಜೀನಿಯಾದ ಫೇರ್‌ಫ್ಯಾಕ್ಸ್ ಕಡೆ ಒಂದು ಮನೆ ನೋಡು" ಎಂದಿದ್ದರು. ಎರಡು ವರ್ಷ ಅವರ ಮಾತೇ ನಿಜವೆನಿಸಿತು. ಮೂರನೇ ವರ್ಷ ನನ್ನ ಲೆಕ್ಕ ಸರಿಹೋಯಿತು. ಆ ಲೆಕ್ಕದ ಎಕ್ಸೆಲ್ ಹಾಳೆಯನ್ನೇ ಬಳಸಿದ ಮೂರು ಮನೆಗಳ ಪೈಕಿ ಎರಡಕ್ಕೆ ಬಯಸಿದ ಶಾಲೆಯೇ ಸಿಕ್ಕ ಮೇಲೆ, ಇದನ್ನು ಬರೆದಿಡುವ ಧೈರ್ಯ ಬಂದಿದೆ.

2022ರ ಮೊದಲ ಲಾಟರಿಯಲ್ಲಿ ನಾನು ಮಾಡಿದ ತಪ್ಪನ್ನು ಈಗಲೂ ಅನೇಕರು ಮಾಡುತ್ತಾರೆ. ನಗರದ ಶಾಲೆಗಳಿಗೆ ಒಟ್ಟಾಗಿ ನಡೆಯುವ ಲಾಟರಿಯಾದ ಮೈ ಸ್ಕೂಲ್ ಡಿಸಿಯ ಅರ್ಜಿಯಲ್ಲಿ ಹನ್ನೆರಡು ಶಾಲೆಗಳನ್ನು ಬರೆಯಬಹುದಾದ್ದರಿಂದ, ಹೇಗಾದರೂ ಒಂದು ಸೀಟು ಖಚಿತವಾಗಲೆಂದು, ಸುಲಭವಾಗಿ ಸಿಗುವ ಶಾಲೆಯನ್ನೇ ಮೊದಲ ಸ್ಥಾನದಲ್ಲಿಟ್ಟೆ. ಅದೇ ಸಿಕ್ಕಿತು. ಸಿಕ್ಕ ಶಾಲೆಗಿಂತ ಮೇಲೆ ಬರೆದ ಶಾಲೆಗಳ ವೇಟ್‌ಲಿಸ್ಟ್‌ನಲ್ಲಿ ಮಾತ್ರ ಹೆಸರು ಉಳಿಯುತ್ತದೆ, ಕೆಳಗಿನವೆಲ್ಲ ಅಲ್ಲಿಗೇ ಬಿಟ್ಟುಹೋಗುತ್ತವೆ. ಮನಸ್ಸಿಗೆ ಒಪ್ಪಿದ ಶಾಲೆಯನ್ನು ಎರಡನೆಯದಾಗಿ ಬರೆದ ನಾನು, ಅದರ ಬಾಗಿಲನ್ನು ನನ್ನ ಕೈಯಾರೆ ಮುಚ್ಚಿದಂತಾಯಿತು. ಎರಡು ಬಸ್ಸು ಬದಲಿಸಿ ಐವತ್ತು ನಿಮಿಷ ಪ್ರಯಾಣ ಮಾಡಬೇಕಿದ್ದ, ನಮಗೆ ಸಿಕ್ಕ ಶಾಲೆಯಲ್ಲಿ ಒಂದೇ ವರ್ಷದಲ್ಲಿ ಮೂವರು ಶಿಕ್ಷಕಿಯರು ಬದಲಾದರು. ಡೇಕೇರ್‌ಗೆ ತಿಂಗಳಿಗೆ ಸುಮಾರು 2,000 ಡಾಲರ್ ತೆರುತ್ತಿದ್ದ ನಮಗೆ ಉಚಿತ ಪ್ರೀ-ಕೆ (ಕಿಂಡರ್‌ಗಾರ್ಟನ್‌ಗೂ ಮುಂಚಿನ ತರಗತಿ) ದೊಡ್ಡ ನೆಮ್ಮದಿಯೇ ಆಗಿದ್ದರಿಂದ, ಬಿಡಿಸಿ ಮನೆಯಲ್ಲಿಟ್ಟುಕೊಳ್ಳುವ ಮಾತೇ ಇರಲಿಲ್ಲ.

ಮರುವರ್ಷ ಎಕ್ಸೆಲ್ ಹಾಳೆ ತೆರೆದೆ. ಆಗಲೂ ಎರಡು ಕಡೆ ಎಡವಿದೆ. ಮೊದಲನೆಯದಾಗಿ, ನಗರದ ಶಾಲೆಗಳ ವಾರ್ಷಿಕ ಪರೀಕ್ಷೆಯಲ್ಲಿ ಐದು ಹಂತಗಳ ಪೈಕಿ ನಾಲ್ಕನೆಯದನ್ನು ಅಥವಾ ಐದನೆಯದನ್ನು ತಲುಪಿದ ಮಕ್ಕಳ ಸರಾಸರಿ ಶೇಕಡಾವಾರನ್ನು ನೋಡಿ ಶಾಲೆಗಳನ್ನು ಮೇಲೆ ಕೆಳಗೆ ಜೋಡಿಸಿದೆ. ಪರೀಕ್ಷೆ ನಡೆಯುವುದೇ ಮೂರನೇ ತರಗತಿಯಿಂದ. ಇಪ್ಪತ್ತು ಮಕ್ಕಳ ತರಗತಿಯಲ್ಲಿ ಒಂದು ಮಗುವೆಂದರೆ ಶೇ. 5. ಮೇಲಾಗಿ ಆ ಸರಾಸರಿಯಲ್ಲಿ ಬಹುಪಾಲು ಕಾಣುವುದು ತಂದೆತಾಯಿಯರ ಆದಾಯ. ‘ಅಟ್-ರಿಸ್ಕ್’ (ಬಡತನ, ಮನೆಯಿಲ್ಲದಿರುವಿಕೆ ಮುಂತಾದವುಗಳಿಂದ ಹಿಂದುಳಿಯುವ ಅಪಾಯವಿರುವವರು) ಎಂದು ಗುರುತಿಸಿದ ಮಕ್ಕಳನ್ನು ಮಾತ್ರ ಬೇರ್ಪಡಿಸಿ ಶಾಲೆಗೆ ಶಾಲೆ ಹೋಲಿಸಿದಾಗ ನನ್ನ ಪಟ್ಟಿ ಅರ್ಧಕ್ಕರ್ಧ ತಲೆಕೆಳಗಾಯಿತು. ಹತ್ತಕ್ಕಿಂತ ಕಡಿಮೆ ಮಕ್ಕಳಿರುವ ಗುಂಪಿನ ಅಂಕಿಗಳನ್ನು ಪ್ರಕಟಿಸುವುದಿಲ್ಲವಾದ್ದರಿಂದ ಚಿಕ್ಕ ಶಾಲೆಗಳಿಗೆ ಎರಡು ವರ್ಷದ ಅಂಕಿಗಳನ್ನು ಒಟ್ಟಿಗೆ ನೋಡಬೇಕಾಯಿತು. 2020 ಮತ್ತು 2021ರಲ್ಲಿ ಪರೀಕ್ಷೆಯೇ ನಡೆಯದಿದ್ದುದರಿಂದ ಆ ಸಾಲುಗಳು ಖಾಲಿಯೇ ಉಳಿದವು.

ಎರಡನೆಯ ತಪ್ಪು ಇನ್ನೂ ದುಬಾರಿಯಾಯಿತು. ಒಂದನೇ ತರಗತಿಯಲ್ಲಿದ್ದ ತಂಡದಲ್ಲಿ ಐದನೇ ತರಗತಿಯವರೆಗೆ ಎಷ್ಟು ಮಕ್ಕಳು ಉಳಿದರು ಎಂಬುದು ನನ್ನ ಮುಖ್ಯ ಅಳತೆಯಾಗಿತ್ತು. ಹತ್ತಿರದ ಒಂದು ಶಾಲೆಯಲ್ಲಿ ಸುಮಾರು ಐವತ್ತಿದ್ದವರು ಮೂವತ್ತರ ಆಸುಪಾಸಿಗೆ ಇಳಿದಿದ್ದನ್ನು ಕಂಡು, ಮಕ್ಕಳು ಓಡಿಹೋಗುವ ಶಾಲೆ ಇದೆಂದು ಪಟ್ಟಿಯಿಂದಲೇ ತೆಗೆದುಹಾಕಿದೆ. ವಾಷಿಂಗ್ಟನ್ ಲ್ಯಾಟಿನ್, ಬೇಸಿಸ್‌ನಂತಹ ಚಾರ್ಟರ್‌ಗಳು ಐದನೇ ತರಗತಿಯಿಂದಲೇ ಆರಂಭವಾಗುತ್ತವೆ, ಅಲ್ಲಿ ಜಾಗ ಹಿಡಿಯಲೆಂದು ನಾಲ್ಕನೆಯ ತರಗತಿ ಮುಗಿಸಿದ ಮಕ್ಕಳು ಹೊರಡುತ್ತಾರೆ ಎಂಬುದು ಆಟದ ಮೈದಾನದಲ್ಲಿ ಒಬ್ಬ ತಾಯಿ ಹೇಳುವವರೆಗೆ ನನಗೆ ಹೊಳೆಯಲೇ ಇಲ್ಲ. ಎಣಿಕೆಯನ್ನು ನಾಲ್ಕನೇ ತರಗತಿಗೆ ನಿಲ್ಲಿಸಿ ನೋಡಿದರೆ, ಅದೇ ಶಾಲೆ ನಮ್ಮ ಸುತ್ತಮುತ್ತ ಮಕ್ಕಳನ್ನು ಅತಿ ಚೆನ್ನಾಗಿ ಉಳಿಸಿಕೊಂಡ ಶಾಲೆಗಳಲ್ಲಿ ಒಂದಾಗಿತ್ತು. ಅಷ್ಟರಲ್ಲಿ ಅರ್ಜಿಯ ಗಡುವು ಮುಗಿದಿತ್ತು. ಇನ್ನೊಂದು ವರ್ಷ ಅದೇ ಎರಡು ಬಸ್ಸು.

ನಡುವೆ ಭಾಷಾ ಶಾಲೆಗಳ ಗುಂಗೂ ಹಿಡಿಯಿತು. ಯು ಯಿಂಗ್‌ನ ಮ್ಯಾಂಡರಿನ್, ಸ್ಟೋಕ್ಸ್‌ನ ಫ್ರೆಂಚ್ ಮತ್ತು ಸ್ಪ್ಯಾನಿಷ್ ಎರಡನ್ನೂ ನೋಡಿಬಂದೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಇಂಗ್ಲಿಷ್ ಇರುವ ಮಗು ಮೂರನೆಯ ಭಾಷೆಯನ್ನು ಹೊರುವುದೇ ಎಂದು ತಿಳಿಯಲು ನಾಲ್ಕು ತಿಂಗಳು ಶನಿವಾರದ ಸ್ಪ್ಯಾನಿಷ್ ತರಗತಿಗೆ ಕಳುಹಿಸಿದೆ, ಸುಮಾರು 600 ಡಾಲರ್ ಖರ್ಚಾಯಿತು. ಅವಳು ಸಲೀಸಾಗಿ ಕಲಿತಳು. ಆದರೆ ಆ ತಿಂಗಳುಗಳಲ್ಲಿ ಅಜ್ಜಿಯೊಡನೆ ಫೋನಿನಲ್ಲಿ ಆಡುವ ಕನ್ನಡ ಕಡಿಮೆಯಾದದ್ದನ್ನು ಕಂಡು ನಾನೇ ಹಿಂದೆ ಸರಿದೆ.

ಮೂರನೇ ಹಾಳೆಯಲ್ಲಿ ಉಳಿದ ಅಂಕಣಗಳು ಕಡಿಮೆ. ನಾಲ್ಕನೇ ತರಗತಿಯವರೆಗಿನ ಉಳಿಕೆ, ಒಂದೇ ಮಗು ವರ್ಷದಿಂದ ವರ್ಷಕ್ಕೆ ಎಷ್ಟು ಮುಂದೆ ಹೋಯಿತೆಂಬ ಬೆಳವಣಿಗೆಯ ಅಂಕ, ಗೈರುಹಾಜರಿ, ಮತ್ತು ಹಿಂದಿನ ವರ್ಷಗಳಲ್ಲಿ ಕಿಂಡರ್‌ಗಾರ್ಟನ್ ವೇಟ್‌ಲಿಸ್ಟ್ ಎಷ್ಟು ಕದಲಿತ್ತು ಎಂಬ ಲೆಕ್ಕ. ಇವುಗಳಿಗೆ ಕೊಟ್ಟ ತೂಕವನ್ನು ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ. ಶಾಲೆಯ ಕಚೇರಿಗೆ ಫೋನ್ ಮಾಡಿ ಕೇಳುವ ಒಂದು ಪ್ರಶ್ನೆಯನ್ನೂ ಇಲ್ಲಿ ಬರೆಯುವುದಿಲ್ಲ, ಎಲ್ಲರೂ ಕೇಳತೊಡಗಿದರೆ ಸಿದ್ಧ ಉತ್ತರವೇ ಬರುತ್ತದೆ.

ಹಾಳೆಯಲ್ಲಿ ಸಿಗದ್ದಕ್ಕೆ ಕಾಲ್ನಡಿಗೆಯೇ ಬೇಕು. ಓಪನ್ ಹೌಸ್ ದಿನ ಎಲ್ಲ ಶಾಲೆಯೂ ಚೆಂದ. ನಾನು ಫೆಬ್ರವರಿಯ ಮಳೆಯಲ್ಲಿ, ಶಾಲೆ ಬಿಡುವ ಹೊತ್ತಿಗೆ, ಗೇಟಿನ ಎದುರು ಮೂರು ದಿನ ನಿಂತೆ. ನಾನು ತಪ್ಪಾಗಿ ತೆಗೆದುಹಾಕಿದ್ದ ಆ ಶಾಲೆಯಲ್ಲಿ ಸಹಾಯಕ ಶಿಕ್ಷಕಿಯೊಬ್ಬರು ಒದ್ದೆ ನೆಲದ ಮೇಲೆ ಮಂಡಿಯೂರಿ ಹುಡುಗನೊಬ್ಬನ ಲೇಸು ಕಟ್ಟುತ್ತಲೇ, ಪಕ್ಕದಲ್ಲಿ ಹೋಗುತ್ತಿದ್ದ ಐದಾರು ಮಕ್ಕಳನ್ನು ಹೆಸರು ಹಿಡಿದು ಬೀಳ್ಕೊಟ್ಟರು. ಮೂರು ದಿನವೂ ಅವರೇ ಇದ್ದರು.

2024ರ ಅರ್ಜಿಯಲ್ಲಿ ಆ ಶಾಲೆಯನ್ನು ಮೊದಲು, ಉಳಿದವನ್ನು ಮನಸ್ಸಿನ ನಿಜವಾದ ಕ್ರಮದಲ್ಲಿ ಬರೆದೆ. ಪ್ರೀ-ಕೆ 3ರಲ್ಲೇ, ಅಂದರೆ ಮೂರು ವರ್ಷದ ಮಕ್ಕಳ ತರಗತಿಯಲ್ಲೇ, ಸೀಟು ತುಂಬುವ ಊರಿದು. ಕಿಂಡರ್‌ಗಾರ್ಟನ್‌ಗೆ ಉಳಿಯುವುದು ಬೆರಳೆಣಿಕೆಯಷ್ಟು. ಮಾರ್ಚ್ ಕೊನೆಯಲ್ಲಿ ವೇಟ್‌ಲಿಸ್ಟ್ ಸಂಖ್ಯೆ 11 ಬಂತು. ಮನೆಯವರು ಸೋತೆವೆಂದರು. ಹಳೆಯ ಅಂಕಿಗಳ ಪ್ರಕಾರ ಹದಿನಾಲ್ಕು ಹದಿನೈದರವರೆಗೆ ಕರೆ ಬರುತ್ತದೆಂದು ನಾನು ಪಟ್ಟು ಹಿಡಿದೆ. ಆಗಸ್ಟ್ ಮೂರನೇ ವಾರ ಫೋನ್ ಬಂತು. ಈಗ ಮಗಳು ಹನ್ನೆರಡು ನಿಮಿಷ ನಡೆದು ಶಾಲೆ ಸೇರುತ್ತಾಳೆ. ಆಫ್ಟರ್‌ಕೇರ್‌ಗೆ (ಶಾಲೆ ಬಿಟ್ಟ ಮೇಲಿನ ಆರೈಕೆ) ತಿಂಗಳಿಗೆ ಮುನ್ನೂರೈವತ್ತು ಡಾಲರ್ ಹೋಗುತ್ತದೆ, ಬಸ್ಸಿನಲ್ಲಿ ಕಳೆಯುತ್ತಿದ್ದ ಹೊತ್ತು ಉಳಿದಿದೆ. ಮಗನಿಗೆ ಅಕ್ಕ ಅಲ್ಲಿರುವ ಆದ್ಯತೆ ಸಿಗುತ್ತದೆ. ಆದರೂ ಡಿಸೆಂಬರ್‌ನಲ್ಲಿ ಅರ್ಜಿ ತೆರೆಯುವ ಮುನ್ನ, ಅಣ್ಣ ಅಕ್ಕಂದಿರಿದ್ದವರಿಗೇ ಎಷ್ಟು ಪ್ರೀ-ಕೆ 3 ಸೀಟು ಹೋಗುತ್ತದೆಂಬ ಅಂಕಣವೊಂದನ್ನು ಹಾಳೆಗೆ ಸೇರಿಸುತ್ತಿದ್ದೇನೆ.