ನೆಪ್ಚೂನಿನ ಮೀಥೇನನ್ನು ನನ್ನ ದೂರದರ್ಶಕದಲ್ಲೇ ಗುರುತಿಸಿದ ಬಗೆ

ಎಂಟು ಗ್ರಹಗಳಲ್ಲಿ ಬರಿಗಣ್ಣಿಗೆ ಎಂದೂ ಕಾಣದ ಗ್ರಹ ನೆಪ್ಚೂನ್ ಒಂದೇ. ಸೂರ್ಯನಿಂದ ಸುಮಾರು 450 ಕೋಟಿ ಕಿಲೋಮೀಟರ್ ದೂರದಲ್ಲಿರುವ ಅದರ ಕಾಂತಿಮಾನ (ಹೊಳಪಿನ ಅಳತೆ, ಸಂಖ್ಯೆ ಹೆಚ್ಚಿದಷ್ಟೂ ಮಂಕು) 7.8ರ ಆಸುಪಾಸಿನಲ್ಲಿದ್ದು, ಆಕಾಶದಲ್ಲಿ ಅದರ ಬಿಂಬದ ಅಗಲ 2.4 ಆರ್ಕ್‌ಸೆಕೆಂಡನ್ನು ಮೀರುವುದಿಲ್ಲ (ಒಂದು ಆರ್ಕ್‌ಸೆಕೆಂಡ್ ಎಂದರೆ ಡಿಗ್ರಿಯ 3,600ರಲ್ಲಿ ಒಂದು ಪಾಲು). 200 ಮಿಲಿಮೀಟರ್ ವ್ಯಾಸದ ನನ್ನ ದೂರದರ್ಶಕದಲ್ಲಿ ಅದು ನಕ್ಷತ್ರಕ್ಕಿಂತ ತುಸು ದಪ್ಪನಾದ, ತಿಳಿ ನೀಲಿಯ ಚುಕ್ಕೆಯಾಗಿ ಮಾತ್ರ ಕಾಣುತ್ತದೆ. ಹೀಗಾಗಿ ಚಿತ್ರ ತೆಗೆಯುವ ಆಸೆಯನ್ನು ಬದಿಗಿಟ್ಟು, ಆ ಚುಕ್ಕೆಯ ಬೆಳಕನ್ನು ಬಣ್ಣಗಳಾಗಿ ಬಿಡಿಸಿ ಗ್ರಹವು ಯಾವುದರಿಂದ ಆಗಿದೆ ಎಂಬುದನ್ನು ಎಷ್ಟರಮಟ್ಟಿಗೆ ತಿಳಿಯಬಹುದೆಂದು ನೋಡಲು ನಿರ್ಧರಿಸಿದೆ.

ಇದಕ್ಕೆ ಬೇಕಾದ ಸಲಕರಣೆ ಹೆಚ್ಚೇನಿಲ್ಲ. ಮಿಲಿಮೀಟರಿಗೆ 100 ಗೆರೆಗಳಿರುವ ವಿವರ್ತನ ಗ್ರೇಟಿಂಗನ್ನು (ಬೆಳಕನ್ನು ಬಣ್ಣಗಳಾಗಿ ಹರಡುವ ಬಿಲ್ಲೆ), ಫಿಲ್ಟರ್ ಕೂರಿಸುವ ಜಾಗದಲ್ಲಿ, ಕಪ್ಪು–ಬಿಳುಪು ಕ್ಯಾಮೆರಾದ ಮುಂದೆ ತಿರುಗಿಸಿ ಕೂರಿಸಿದರಾಯಿತು. ಒಂದೇ ಫ್ರೇಮಿನಲ್ಲಿ ಗ್ರಹದ ಚುಕ್ಕೆಯೂ ಅದರ ಪಕ್ಕದಲ್ಲಿ ಉದ್ದಕ್ಕೆ ಹರಡಿದ ರೋಹಿತವೂ, ಅಂದರೆ ಬಣ್ಣಗಳ ಪಟ್ಟಿಯೂ, ದಾಖಲಾಗುತ್ತವೆ. ನೆಪ್ಚೂನಿನ ಬಿಂಬ ಅಷ್ಟು ಚಿಕ್ಕದಾಗಿರುವುದು ಇಲ್ಲಿ ದೊಡ್ಡ ಅನುಕೂಲ: ಗುರುಗ್ರಹದಂಥ ಅಗಲವಾದ ಬಿಂಬವಾದರೆ ಬಣ್ಣಗಳು ಒಂದರ ಮೇಲೊಂದು ಬಿದ್ದು ವಿವರಗಳು ಅಳಿಸಿಹೋಗುತ್ತವೆ, ಅದಕ್ಕೆ ಬೆಳಕಿನ ಕಿರಿದಾದ ಪಟ್ಟಿಯನ್ನಷ್ಟೇ ಒಳಬಿಡುವ ಸೀಳುಗಂಡಿ ಬೇಕೇ ಬೇಕು, ನೆಪ್ಚೂನಿಗೆ ಬೇಡ. ಹಿನ್ನೆಲೆಯ ನಕ್ಷತ್ರವೊಂದು ರೋಹಿತದ ಮೇಲೆ ಕೂರದಂತೆ ಗ್ರೇಟಿಂಗನ್ನು ಮೊದಲೇ ತಿರುಗಿಸಿಕೊಳ್ಳುವುದು ಮಾತ್ರ ಮುಖ್ಯ. ಈ ವರ್ಷಗಳಲ್ಲಿ ಗ್ರಹವು ಮೀನ ನಕ್ಷತ್ರಪುಂಜದಲ್ಲಿದ್ದು, ಸೆಪ್ಟೆಂಬರಿನಲ್ಲಿ ರಾತ್ರಿಯಿಡೀ ಸಿಗುತ್ತದೆ.

ಹಲವು ಫ್ರೇಮುಗಳನ್ನು ಒಟ್ಟುಗೂಡಿಸಿದ ಮೇಲೆ, ಯಾವ ಪಿಕ್ಸೆಲ್ ಯಾವ ತರಂಗಾಂತರಕ್ಕೆ ಸೇರಿದ್ದೆಂದು ಗೊತ್ತುಮಾಡಬೇಕು. ಅದಕ್ಕೆ ನಾನು ಅಭಿಜಿತ್ ನಕ್ಷತ್ರವನ್ನು ಬಳಸಿದೆ. ಅದರ ರೋಹಿತದಲ್ಲಿ ಹೈಡ್ರೋಜನ್ನಿನ ಗೆರೆಗಳು 656.3, 486.1 ಮತ್ತು 434.0 ನ್ಯಾನೋಮೀಟರುಗಳಲ್ಲಿ ಎದ್ದು ಕಾಣುತ್ತವೆ. ಮುಂದಿನ ಹೆಜ್ಜೆಯನ್ನು ಬಿಡುವಂತೆಯೇ ಇಲ್ಲ. ನೆಪ್ಚೂನಿನಿಂದ ಬರುವುದು ಪ್ರತಿಫಲಿಸಿದ ಬಿಸಿಲು, ಆದ್ದರಿಂದ ಅದರಲ್ಲಿ ಸೂರ್ಯನ ಗೆರೆಗಳೂ, ನಮ್ಮ ಗಾಳಿಯ ಆಮ್ಲಜನಕ 760 ನ್ಯಾನೋಮೀಟರಿನಲ್ಲಿ ಮೂಡಿಸುವ ಪಟ್ಟಿಯೂ, ಕ್ಯಾಮೆರಾದ ಸ್ವಭಾವವೂ ಬೆರೆತಿರುತ್ತವೆ. ಸೂರ್ಯನಂಥದೇ ಜಿ2 ವರ್ಗದ ನಕ್ಷತ್ರವೊಂದು ಆಕಾಶದಲ್ಲಿ ನೆಪ್ಚೂನಿನಷ್ಟೇ ಎತ್ತರದಲ್ಲಿದ್ದಾಗ ಅದರ ರೋಹಿತವನ್ನು ತೆಗೆದು, ನೆಪ್ಚೂನಿನ ರೋಹಿತವನ್ನು ಅದರಿಂದ ಭಾಗಿಸಿದಾಗ ಇವೆಲ್ಲ ಬಹುಮಟ್ಟಿಗೆ ಕಳೆದುಹೋಗಿ, ಆ ಗ್ರಹದ ವಾತಾವರಣ ಮಾಡಿದ ಬದಲಾವಣೆಯಷ್ಟೇ ಉಳಿಯುತ್ತದೆ.

ಹಾಗೆ ಉಳಿದ ವಕ್ರರೇಖೆ ನೀಲಿ ಭಾಗದಲ್ಲಿ ಎತ್ತರವಾಗಿಯೇ ಸಾಗುತ್ತದೆ, 543 ನ್ಯಾನೋಮೀಟರಿನಲ್ಲಿ ಸಣ್ಣದಾಗಿ ತಗ್ಗುತ್ತದೆ, 619ರಲ್ಲಿ ಸ್ಪಷ್ಟವಾದ ಕಣಿವೆಯಾಗುತ್ತದೆ, 727ರಲ್ಲಿ ಇನ್ನೂ ಆಳಕ್ಕೆ ಇಳಿಯುತ್ತದೆ. 890ರ ಸುತ್ತ ಬೆಳಕು ಇಲ್ಲವೆನ್ನುವಷ್ಟು ಕಡಿಮೆ. ಇವೆಲ್ಲವೂ ಮೀಥೇನಿನ ಹೀರಿಕೆ ಪಟ್ಟಿಗಳು. ಕೆಂಪನ್ನು ಮೀಥೇನ್ ನುಂಗಿಹಾಕುವುದರಿಂದಲೇ ಗ್ರಹಕ್ಕೆ ನೀಲಿಯ ಛಾಯೆ ಬಂದಿದೆ. ಅದೇ ವಿಧಾನದಲ್ಲಿ ಯುರೇನಸ್ಸಿನ ರೋಹಿತವನ್ನೂ ತೆಗೆದು ಎರಡನ್ನೂ ಒಂದರ ಮೇಲೊಂದು ಇಟ್ಟಾಗ ಕಣಿವೆಗಳು ಅದೇ ಜಾಗಗಳಲ್ಲಿ ಕೂತವು, ಒಟ್ಟು ಆಕಾರವೂ ಹತ್ತಿರಹತ್ತಿರವಾಗಿತ್ತು. 1989ರಲ್ಲಿ ವಾಯೇಜರ್ 2 ನೌಕೆ ಕಳಿಸಿದ ನೆಪ್ಚೂನಿನ ಕಡುನೀಲಿ ಚಿತ್ರಗಳು ಮೋಡಗಳ ವಿವರ ಕಾಣಲೆಂದು ಬಣ್ಣವನ್ನು ಹೆಚ್ಚಿಸಿ ತಯಾರಿಸಿದಂಥವು. ಎರಡೂ ಗ್ರಹಗಳು ನಿಜದಲ್ಲಿ ತಿಳಿ ಹಸಿರುನೀಲಿಯವೇ, ನೆಪ್ಚೂನ್ ತುಸು ಹೆಚ್ಚು ನೀಲಿ ಎಂದು ಆಕ್ಸ್‌ಫರ್ಡಿನ ಪ್ಯಾಟ್ರಿಕ್ ಇರ್ವಿನ್ ಮತ್ತು ಸಂಗಡಿಗರು 2024ರಲ್ಲಿ ತೋರಿಸಿದ್ದಾರೆ. ನನ್ನ ವಕ್ರರೇಖೆಗಳನ್ನು ನೋಡಿದ ಮೇಲೆ ಅದರಲ್ಲಿ ನನಗೆ ಅಚ್ಚರಿಯೇನೂ ಉಳಿಯಲಿಲ್ಲ.

ಆದರೆ ಇಷ್ಟರಿಂದ ನೆಪ್ಚೂನ್ ಮೀಥೇನಿನ ಗ್ರಹವೆಂದು ತೀರ್ಮಾನಿಸಿದರೆ ದೊಡ್ಡ ತಪ್ಪಾಗುತ್ತದೆ. ಮೇಲಿನ ವಾತಾವರಣದಲ್ಲಿ ಮೀಥೇನಿನ ಪಾಲು ಶೇಕಡಾ ಒಂದೂವರೆ, ಎರಡರಷ್ಟು ಮಾತ್ರ. ಶೇಕಡಾ ಸುಮಾರು 80 ಹೈಡ್ರೋಜನ್, ಉಳಿದದ್ದರಲ್ಲಿ ಬಹುಪಾಲು ಹೀಲಿಯಂ. ಹೈಡ್ರೋಜನ್ ಅಣುವಿನ ಎರಡು ಬದಿಗಳೂ ಒಂದೇ ತೆರನಾದ್ದರಿಂದ ಅದು ಕಾಣುವ ಬೆಳಕನ್ನು ಸುಲಭವಾಗಿ ಹೀರುವುದಿಲ್ಲ, ಅಂಥ ಚಳಿಯಲ್ಲಿ ಹೀಲಿಯಂ ಕೂಡ ಯಾವ ಗುರುತನ್ನೂ ಬಿಡುವುದಿಲ್ಲ. ಅಲ್ಪಪ್ರಮಾಣದ ಅನಿಲ ರೋಹಿತವನ್ನೆಲ್ಲ ಆವರಿಸಿರುವಾಗ ಅಧಿಕವಾಗಿರುವುದು ಮೌನವಾಗಿರುತ್ತದೆ ಎಂಬ ಈ ಸಂಗತಿ, ರೋಹಿತವನ್ನು ಓದುವವರು ಸದಾ ನೆನಪಿಡಬೇಕಾದದ್ದು.

ಒಳಭಾಗದ ಬಗ್ಗೆ ತಿಳಿಯಲು ಮೊದಲು ಗ್ರಹದ ದ್ರವ್ಯರಾಶಿ ಬೇಕು, ಅದಕ್ಕಾಗಿ ನಾನು ಅದರ ಉಪಗ್ರಹ ಟ್ರೈಟನ್ನಿನ ಮೊರೆಹೋದೆ. ನೆಪ್ಚೂನ್ ಪತ್ತೆಯಾದದ್ದು 1846ರ ಸೆಪ್ಟೆಂಬರ್ 23ರಂದು. ಬರೇ 17 ದಿನಗಳ ನಂತರ ವಿಲಿಯಂ ಲಾಸೆಲ್ ಈ ಉಪಗ್ರಹವನ್ನು ಕಂಡರು. ಕಾಂತಿಮಾನ 13.5 ಇರುವ ಅದು ದೀರ್ಘ ಎಕ್ಸ್‌ಪೋಶರ್‌ನಲ್ಲಿ ನನ್ನ ಕ್ಯಾಮೆರಾಕ್ಕೂ ಸಿಗುತ್ತದೆ. ರಾತ್ರಿಯಿಂದ ರಾತ್ರಿಗೆ ಅದರ ಸ್ಥಾನವನ್ನು ಗುರುತಿಸುತ್ತ ಹೋದರೆ, ಗ್ರಹದಿಂದ ಅದು ಗರಿಷ್ಠವೆಂದರೆ ಸುಮಾರು 17 ಆರ್ಕ್‌ಸೆಕೆಂಡ್ ದೂರ ಸರಿಯುವುದೂ, ಆರು ದಿನಕ್ಕೆ ತುಸು ಕಡಿಮೆ ಅವಧಿಯಲ್ಲಿ ಒಂದು ಸುತ್ತು ಮುಗಿಸುವುದೂ ಕಾಣುತ್ತದೆ. ಗ್ರಹದ ದೂರ ಗೊತ್ತಿರುವುದರಿಂದ ಕಕ್ಷೆಯ ತ್ರಿಜ್ಯ ಸುಮಾರು 3,55,000 ಕಿಲೋಮೀಟರ್ ಎಂದಾಗುತ್ತದೆ, ಇದನ್ನೂ 5.88 ದಿನಗಳ ಅವಧಿಯನ್ನೂ, ಕಕ್ಷೆಯ ಗಾತ್ರ ಮತ್ತು ಸುತ್ತುವ ಅವಧಿಯ ನಂಟನ್ನು ಹೇಳುವ ಕೆಪ್ಲರನ ಮೂರನೆಯ ನಿಯಮಕ್ಕೆ ಹಾಕಿದರೆ ನೆಪ್ಚೂನಿನ ದ್ರವ್ಯರಾಶಿ ಭೂಮಿಯ 17 ಪಟ್ಟು ಎಂಬ ಉತ್ತರ ಬರುತ್ತದೆ. ಒಂದು ಉಪಗ್ರಹದ ಓಡಾಟದಿಂದ ಇಡೀ ಗ್ರಹವನ್ನು ತೂಗಿದ ಆ ಲೆಕ್ಕ ನನಗೆ ರೋಹಿತಕ್ಕಿಂತಲೂ ಹೆಚ್ಚು ಸಂತೋಷ ಕೊಟ್ಟಿತು.

ಗ್ರಹದ ವ್ಯಾಸವನ್ನು, ಅಂದರೆ ಸುಮಾರು 49,500 ಕಿಲೋಮೀಟರನ್ನು, ಪುಸ್ತಕದಿಂದಲೇ ತೆಗೆದುಕೊಂಡೆ. ಅಷ್ಟು ಚಿಕ್ಕ ಬಿಂಬವನ್ನು ಅಳೆಯುವ ಶಕ್ತಿ ನನ್ನ ಉಪಕರಣಕ್ಕಿಲ್ಲ. ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 1.6 ಗ್ರಾಂ ಬರುತ್ತದೆ. ನೆಪ್ಚೂನಿಗಿಂತ ಐದು ಪಟ್ಟಿಗೂ ಹೆಚ್ಚು ದ್ರವ್ಯರಾಶಿಯಿದ್ದು, ತನ್ನನ್ನು ತಾನೇ ಅಷ್ಟೊಂದು ಅದುಮಿಕೊಳ್ಳುವ ಶನಿಯ ಸಾಂದ್ರತೆ 0.69 ಮಾತ್ರ. ಹಗುರ ಅನಿಲಗಳಷ್ಟೇ ತುಂಬಿದ್ದರೆ ಈ ವ್ಯತ್ಯಾಸಕ್ಕೆ ಕಾರಣವೇ ಇರುತ್ತಿರಲಿಲ್ಲ. ನೀರು, ಅಮೋನಿಯಾ, ಮೀಥೇನ್ ಭಾರೀ ಒತ್ತಡದಲ್ಲಿ, ಸಾವಿರಾರು ಡಿಗ್ರಿ ಕಾವಿನಲ್ಲಿ, ದಟ್ಟ ದ್ರವವಾಗಿ ಒಳಗೆ ತುಂಬಿವೆ, ನಡುವೆ ಕಲ್ಲು–ಲೋಹಗಳ ತಿರುಳಿದೆ ಎಂದು ವಿಜ್ಞಾನಿಗಳು ಭಾವಿಸುವುದು ಇದರಿಂದಲೇ. ಗ್ರಹದ ಕಾಂತಕ್ಷೇತ್ರ ಅದರ ಅಕ್ಷಕ್ಕೆ 47 ಡಿಗ್ರಿ ವಾಲಿ, ಕೇಂದ್ರದಿಂದಲೂ ದೂರ ಸರಿದಿರುವುದನ್ನು ವಾಯೇಜರ್ ಕಂಡಿತ್ತು. ವಿದ್ಯುತ್ತನ್ನು ಹರಿಯಬಿಡುವ ಇಂಥ ದ್ರವದ ಪದರವೇ ಅದಕ್ಕೆ ಮೂಲವೆಂಬ ವಿವರಣೆ ನನಗೆ ಒಪ್ಪುವಂತಿದೆ.

ದೊಡ್ಡ ದೂರದರ್ಶಕವಿರುವ ಹವ್ಯಾಸಿಗಳು ಈಗ 610 ನ್ಯಾನೋಮೀಟರಿಗಿಂತ ಉದ್ದದ ಬೆಳಕನ್ನಷ್ಟೇ ಬಿಡುವ ಫಿಲ್ಟರ್ ಹಾಕಿ, ನೆಪ್ಚೂನಿನ ಬಿಳಿ ಮೋಡಗಳನ್ನೇ ಸೆರೆಹಿಡಿಯುತ್ತಿದ್ದಾರೆ. ಎತ್ತರದಲ್ಲಿರುವ ಮೋಡದ ಮೇಲೆ ಮೀಥೇನ್ ಕಡಿಮೆ ಇರುವುದರಿಂದ ಅಲ್ಲಿಂದ ಕೆಂಪು ಬೆಳಕು ನಷ್ಟವಾಗದೆ ಮರಳಿ ಬರುತ್ತದೆ, ಸುತ್ತಲಿನ ಭಾಗ ಮಂಕಾಗುತ್ತದೆ. ನನ್ನ ವಕ್ರರೇಖೆಯಲ್ಲಿ ಕಣಿವೆಯಾಗಿ ಕಂಡ ತರಂಗಾಂತರಗಳೇ ಅವರಿಗೆ ಮೋಡವನ್ನು ಬೇರ್ಪಡಿಸಿ ತೋರಿಸುತ್ತಿವೆ.