ಏಳು ದಿನ, ಒಂದು ವ್ಯಾನ್, ಲಂಕೆಗೊಂದು ಸುತ್ತು

ಮುಂಬೈಯಿಂದ ಕೊಲಂಬೊಗೆ ನೇರ ವಿಮಾನದಲ್ಲಿ ಹೋದರೆ ಸುಮಾರು ಎರಡೂವರೆ ಗಂಟೆ. ಶುಕ್ರವಾರ ಸಂಜೆ ಮುಲುಂಡಿನ ನಮ್ಮ ಮನೆಯಿಂದ ಹೊರಟು ಪನ್ವೇಲ್ ದಾಟೋದಕ್ಕೂ ಒಮ್ಮೊಮ್ಮೆ ಅಷ್ಟೇ ಹೊತ್ತು ಬೇಕು. ಅದಕ್ಕೇ ಮಾಟುಂಗದಲ್ಲಿ ಕಾಫಿಗೆ ಸೇರಿದಾಗಲೆಲ್ಲ ಯಾರಾದರೊಬ್ಬರು ಕೇಳುತ್ತಾರೆ: "ಶ್ರೀಲಂಕಾಕ್ಕೆ ಒಂದು ವಾರ ಸಾಕಾಗುತ್ತಾ?" ನಾನು ಎರಡು ಸಲ ಹೋಗಿ ಬಂದಿದ್ದೇನೆ. ಮೊದಲನೇ ಸಲ ಕೆಟ್ಟೆ, ಎರಡನೇ ಸಲ ಸರಿಹೋಯಿತು.

ಕೆಟ್ಟದ್ದು ಹೀಗೆ. ಇಲ್ಲಿನ ಒಬ್ಬ ಏಜೆಂಟ್ ಏಳು ದಿನಕ್ಕೆ ಹನ್ನೊಂದು ಊರು ತುರುಕಿ ಕೊಟ್ಟಿದ್ದ. ಪಟ್ಟಿ ನೋಡಿ ನಾವೂ ಹಿಗ್ಗಿದೆವು. ನುವರ ಎಲಿಯದ ಘಾಟಿ ಹತ್ತುವಾಗ ರಾತ್ರಿ ಎಂಟು ಗಂಟೆ. "ಎರಡೂ ಕಡೆ ಚಹಾ ತೋಟ ಇದೆ ಸಾರ್" ಅಂದ ಡ್ರೈವರ್. ನಮಗೆ ಕಂಡದ್ದು ಹೆಡ್‌ಲೈಟಿಗೆ ಸಿಕ್ಕ ಮೈಲಿಗಲ್ಲು ಮಾತ್ರ. ದಾರಿ ನೋಡೋಕೆ ಅಂತಲೇ ಹೋದವರ ಕಥೆ ಇದು!

ಕಿಲೋಮೀಟರ್ ಬೇಡ, ಗಂಟೆ ಲೆಕ್ಕ ಹಾಕಿ

ಶ್ರೀಲಂಕಾದ ವಿಸ್ತೀರ್ಣ 65,610 ಚದರ ಕಿ.ಮೀ. ಕರ್ನಾಟಕದ ಮೂರನೇ ಒಂದು ಪಾಲು ಅಷ್ಟೇ. ನಕ್ಷೆಯಲ್ಲಿ ಅಂಗೈಯಷ್ಟು ಕಾಣುತ್ತದೆ. ಆದರೆ ಕ್ಯಾಂಡಿಯಿಂದ ನುವರ ಎಲಿಯಕ್ಕೆ 80 ಕಿ.ಮೀ. ಒಳಗಿನ ದಾರಿಗೆ ಮೂರು ಗಂಟೆ ಹಿಡಿಯುತ್ತದೆ. ದಿನಕ್ಕೆ ನಾಲ್ಕು ಗಂಟೆಗಿಂತ ಜಾಸ್ತಿ ಗಾಡಿಯಲ್ಲಿ ಕೂರಬೇಡಿ. ಜಾಫ್ನಾ ಸೇರಿಸಿ ಇಡೀ ದ್ವೀಪಕ್ಕೆ ಪ್ರದಕ್ಷಿಣೆ ಹಾಕಲು ಎರಡು ವಾರ ಬೇಕು. ಒಂದು ವಾರಕ್ಕೆ ಅರ್ಧ ಸುತ್ತು ಸಾಕು.

ಯಾವ ಅರ್ಧ ಅನ್ನೋದನ್ನು ಮಳೆ ಹೇಳುತ್ತದೆ. ಡಿಸೆಂಬರಿನಿಂದ ಮಾರ್ಚ್‌ವರೆಗೆ ದಕ್ಷಿಣ, ಪಶ್ಚಿಮದ ಕರಾವಳಿ ಚೆನ್ನ. ಮಕ್ಕಳ ಮೇ ರಜೆಯಲ್ಲಿ ಹೋಗುವವರು ಗಾಲ್ ಕಡೆಯ ಸಮುದ್ರ ಬಿಟ್ಟುಬಿಡಿ, ಅಲ್ಲಿ ನಮ್ಮ ಹಾಗೇ ನೈಋತ್ಯ ಮುಂಗಾರು ಶುರುವಾಗುವ ಹೊತ್ತು. ಬದಲಿಗೆ ಪೂರ್ವದ ತ್ರಿಕೋಣಮಲೆಗೆ ಹೋಗಿ. ಬಂಡೆಯ ಅರಮನೆಯ ಊರು ಸಿಗಿರಿಯದಿಂದ ಎರಡೂವರೆ ಗಂಟೆಯೊಳಗಿನ ದಾರಿ. ಸಮುದ್ರಕ್ಕೆ ಚಾಚಿದ ಬಂಡೆಯ ಮೇಲೆ ಕೋಣೇಶ್ವರ ದೇವಸ್ಥಾನ ಇದೆ. ಏಪ್ರಿಲ್ 13, 14ರ ಆಸುಪಾಸು ಮಾತ್ರ ಬೇಡ. ಅದು ಸಿಂಹಳ, ತಮಿಳರ ಹೊಸ ವರ್ಷ. ಅಂಗಡಿ ಬಾಗಿಲು ಹಾಕಿರುತ್ತದೆ, ಒಳ್ಳೆಯ ಡ್ರೈವರ್‌ಗಳು ಊರಿಗೆ ಹೋಗಿರುತ್ತಾರೆ.

ಹೋಟೆಲಿಗಿಂತ ಮೊದಲು ಡ್ರೈವರ್

ಈ ಟೂರಿನಲ್ಲಿ ನಿಜವಾಗಿ ಆರಿಸಬೇಕಾದದ್ದು ಒಬ್ಬ ಮನುಷ್ಯನನ್ನು. ಗಾಡಿ ಓಡಿಸುತ್ತಲೇ ಊರು ತೋರಿಸುವವರಿಗೆ ಅಲ್ಲಿನ ಪ್ರವಾಸೋದ್ಯಮ ಪ್ರಾಧಿಕಾರ 'ಶೋಫರ್ ಗೈಡ್' ಅಂತ ಲೈಸೆನ್ಸ್ ಕೊಡುತ್ತದೆ. ಬುಕ್ ಮಾಡುವಾಗಲೇ ಆ ಕಾರ್ಡ್ ಇದೆಯಾ ಕೇಳಿ. ಸುಮ್ನೆ 'ಗೈಡ್ ಇದ್ದಾರೆ' ಅಂದರೆ ನಂಬಬೇಡಿ. ಆಮೇಲೆ ಹಣದ ಮಾತು. ದಿನದ ಬಾಡಿಗೆಯಲ್ಲಿ ಎಷ್ಟು ಕಿ.ಮೀ. ಸೇರಿದೆ? ಪೆಟ್ರೋಲ್, ಪಾರ್ಕಿಂಗ್, ಎಕ್ಸ್‌ಪ್ರೆಸ್‌ವೇ ಟೋಲ್ ಯಾರದು? ಅವರ ಊಟ, ಮಲಗುವ ಜಾಗ? ಬಹಳ ಹೋಟೆಲುಗಳಲ್ಲಿ ಡ್ರೈವರ್‌ಗಳಿಗೆ ಬೇರೆ ಕೋಣೆ ಇರುತ್ತದೆ, ಎಲ್ಲ ಕಡೆ ಇರುವುದಿಲ್ಲ. ಇಲ್ಲದ ಕಡೆ ಅವರು ಗಾಡಿಯಲ್ಲೇ ಮಲಗುತ್ತಾರೆ. ಮರುದಿನ ಘಾಟಿಯಲ್ಲಿ ನಿಮ್ಮನ್ನು ಇಳಿಸಬೇಕಾದವರೂ ಅವರೇ, ಅಲ್ವಾ?

ನಾಲ್ಕು ಜನಕ್ಕಿಂತ ಜಾಸ್ತಿ ಇದ್ದರೆ ವ್ಯಾನ್ ಕೇಳಿ. ಅಲ್ಲಿ 'ಕೆಡಿಎಚ್' ಅಂದರೆ ಎಲ್ಲರಿಗೂ ಗೊತ್ತು, ಟೊಯೊಟಾದ ಉದ್ದನೆಯ ವ್ಯಾನ್.

ಒಂದು ಮಾತು ಮೊದಲ ದಿನವೇ ನಗುನಗುತ್ತ ಹೇಳಿಬಿಡಿ: "ಅಂಗಡಿಗಳು ಬೇಡ." ಮಸಾಲೆ ತೋಟ, ರತ್ನದ ಅಂಗಡಿ, ಮರದ ಕೆತ್ತನೆ, ಹೀಗೆ ದಾರಿಯುದ್ದಕ್ಕೂ ಕಮಿಷನ್ ಸಿಗುವ ಜಾಗಗಳಿವೆ. ಒಂದು ಮಸಾಲೆ ತೋಟದಲ್ಲಿ ಬಿಳಿ ಕೋಟಿನವನೊಬ್ಬ ನನ್ನ ಮೊಣಕಾಲಿಗೆ ಎಣ್ಣೆ ಸವರಿ, ಎರಡು ಬಾಟಲಿ ಮಾರಿದ. ಒಂದನ್ನು ಡೊಂಬಿವಲಿಯ ಅತ್ತೆಗೆ ಕೊಟ್ಟೆ. ನೋವು ಇಬ್ಬರಿಗೂ ಹಾಗೇ ಇದೆ.

ದಾರಿ ಹೀಗಿರಲಿ

ವಿಮಾನ ಇಳಿಯುವುದು ಕಟುನಾಯಕೆಯಲ್ಲಿ. ಕೊಲಂಬೊ ಪೇಟೆಗೆ ಹೋಗದೆ ನೇರ ಸಿಗಿರಿಯಕ್ಕೆ ಹೊರಡಿ, ನಾಲ್ಕು ಗಂಟೆ. ಎರಡನೇ ದಿನ ಬೆಳಿಗ್ಗೆ ಗೇಟು ತೆರೆಯುವ ಹೊತ್ತಿಗೆ ಬಂಡೆಯ ಬುಡದಲ್ಲಿರಿ. ಐದನೇ ಶತಮಾನದಲ್ಲಿ ಕಾಶ್ಯಪ ಎಂಬ ರಾಜ ಅಪ್ಪನನ್ನು ಕೊಂದು, ತಮ್ಮನಿಗೆ ಹೆದರಿ, ಈ ಬಂಡೆಯ ನೆತ್ತಿಯಲ್ಲಿ ಅರಮನೆ ಕಟ್ಟಿದ ಅನ್ನುತ್ತಾರೆ. ಸುಮಾರು 1,200 ಮೆಟ್ಟಿಲು. ಒಂಬತ್ತಾದರೆ ಮೆಟ್ಟಿಲ ಪಕ್ಕದ ಕಬ್ಬಿಣದ ಕಂಬಿ ಮುಟ್ಟೋಕಾಗಲ್ಲ, ಅಷ್ಟು ಬಿಸಿ. ಹತ್ತಲಾರದವರು ಕೆಳಗಿನ ನೀರಿನ ತೋಟದಲ್ಲಿ ಕೂತಿರಬಹುದು, ಅದೂ ಆ ಕಾಲದ್ದೇ. ಪಾಸ್‌ಪೋರ್ಟ್ ಕೈಯಲ್ಲಿರಲಿ. ಭಾರತವೂ ಸೇರಿದ ಸಾರ್ಕ್ ದೇಶದವರಿಗೆ ಟಿಕೆಟ್ಟಿನಲ್ಲಿ ರಿಯಾಯಿತಿ ಉಂಟು, ಕೇಳದಿದ್ದರೆ ಕೆಲವು ಸಲ ಪೂರ್ತಿ ದರ ಬೀಳುತ್ತದೆ.

ಮೂರನೇ ದಿನ ದಂಬುಲ್ಲದ ಐದು ಗುಹೆಗಳನ್ನು ನೋಡಿಕೊಂಡು ಕ್ಯಾಂಡಿ. ಸಂಜೆ ಪೂಜೆಯ ಹೊತ್ತಿಗೆ ದಳದಾ ಮಾಳಿಗಾವ, ಅಂದರೆ ಬುದ್ಧನ ಹಲ್ಲು ಇಟ್ಟಿರುವ ಗುಡಿ. ಭುಜ, ಮೊಣಕಾಲು ಮುಚ್ಚುವ ಬಟ್ಟೆ ಬೇಕು. ಬುದ್ಧನಿಗೆ ಬೆನ್ನು ಹಾಕಿ ಸೆಲ್ಫಿ ತೆಗೆಯಲೇಬೇಡಿ, ಜಗಳವಾಗುತ್ತದೆ.

ನಾಲ್ಕನೇ ದಿನವೇ ಈ ಟೂರಿನ ತಿರುಳು. ಕ್ಯಾಂಡಿಯಿಂದ ಬೆಳಿಗ್ಗೆ ಎಂಟಕ್ಕೆ ಬಿಡಿ. ಕಿಟಕಿ ಇಳಿಸಿ, ಎಸಿ ಆರಿಸಿ. ರಂಬೊಡ ಜಲಪಾತ ದಾಟಿದ ಮೇಲೆ ತಿರುವು ಮೇಲೆ ತಿರುವು. ಕೆಳಗಿನ ತಿರುವಿನಲ್ಲಿ ಒಬ್ಬ ಹುಡುಗ ಹೂಗೊಂಚಲು ಚಾಚಿದ. ನಾವು ಬೇಡ ಅಂದೆವು. ಗಾಡಿ ಸುತ್ತಿ ಮೇಲಿನ ತಿರುವಿಗೆ ಬಂದರೆ ಅದೇ ಹುಡುಗ, ಅದೇ ಹೂವು! ಚಹಾ ಗಿಡಗಳ ನಡುವಿನ ಕಾಲುದಾರಿಯಲ್ಲಿ ಓಡಿ ಹತ್ತಿದ್ದ. ಮೂರನೇ ತಿರುವಿನಲ್ಲಿ ಏದುಸಿರು ಬಿಡುತ್ತ ನಿಂತಿದ್ದ. ನಮ್ಮವಳು ಗಾಡಿ ನಿಲ್ಲಿಸಿ ತೆಗೆದುಕೊಂಡಳು. ಈ ಬೆಟ್ಟಗಳಲ್ಲಿ ಮೊದಲು ಇದ್ದದ್ದು ಕಾಫಿ. 1869ರಲ್ಲಿ ಕಾಣಿಸಿಕೊಂಡ ಎಲೆ ತುಕ್ಕು ರೋಗ ಅದನ್ನು ತಿಂದುಹಾಕಿತು. ಅದಕ್ಕೆ ಎರಡು ವರ್ಷ ಮೊದಲು, 1867ರಲ್ಲಿ, ಜೇಮ್ಸ್ ಟೇಲರ್ ಕ್ಯಾಂಡಿ ಹತ್ತಿರದ ಲೂಲ್‌ಕಂದುರ ತೋಟದಲ್ಲಿ ಚಹಾ ಹಾಕಿದ್ದ. ಕಾಫಿ ಹೋದ ಜಾಗಕ್ಕೆಲ್ಲ ಅದೇ ಬಂತು. ನುವರ ಎಲಿಯ 1,868 ಮೀಟರ್ ಎತ್ತರದಲ್ಲಿದೆ. ರಾತ್ರಿ ಸ್ವೆಟರ್ ಬೇಕೇ ಬೇಕು.

ಐದನೇ ದಿನ 'ಎಲ್ಲ' ಎಂಬ ಊರು. ಸಿಂಹಳದಲ್ಲಿ ಎಲ್ಲ ಅಂದರೆ ಜಲಪಾತ. "ಎಲ್ಲ ನೋಡಿದ್ರಾ?" ಅಂತ ಕೇಳಿ ನಮ್ಮ ಗುಂಪಿನವರು ಮೂರು ದಿನ ನಕ್ಕರು. ನಾನುಓಯಾದಿಂದ ಎಲ್ಲದವರೆಗಿನ ರೈಲು ಹೆಸರುವಾಸಿ. ರೈಲು ಓಡುತ್ತಿದೆಯಾ ಅಂತ ಹಿಂದಿನ ದಿನ ವಿಚಾರಿಸಿ, ಮಳೆಗೆ ಗುಡ್ಡ ಜರಿದರೆ ನಿಂತುಬಿಡುತ್ತದೆ. ನೀವು ರೈಲಿನಲ್ಲಿ ಹೋಗಿ, ಡ್ರೈವರ್ ಸಾಮಾನು ಹೊತ್ತು ರಸ್ತೆಯಲ್ಲಿ ಬರಲಿ.

ಆರನೇ ದಿನ ಘಾಟಿ ಇಳಿದು ಉಡವಲವೆಯಲ್ಲಿ ಆನೆ ನೋಡಿ ದಕ್ಷಿಣ ಕರಾವಳಿ. ಏಳನೇ ದಿನ ಬೆಳಿಗ್ಗೆ ಗಾಲ್ ಕೋಟೆ, ಆಮೇಲೆ ಎಕ್ಸ್‌ಪ್ರೆಸ್‌ವೇ ಹಿಡಿದು ಎರಡೂವರೆ, ಮೂರು ಗಂಟೆಗೆ ವಿಮಾನ ನಿಲ್ದಾಣ. ಮೇ ತಿಂಗಳವರು ಎರಡನೇ ದಿನದ ಸಿಗಿರಿಯ ಮುಗಿಸಿ ತ್ರಿಕೋಣಮಲೆಯಲ್ಲಿ ಎರಡು ರಾತ್ರಿ ಇದ್ದು, ನುವರ ಎಲಿಯ ಕಂಡು ಹಾಗೇ ವಾಪಸ್ ಬರಲಿ.

ಊಟ, ಕಾಗದಪತ್ರ

ಸಸ್ಯಾಹಾರಿಗಳಿಗೆ ತೊಂದರೆ ಇಲ್ಲ, ಒಂದು ಎಚ್ಚರ ಇದ್ದರೆ. ಕಾಯಿ ತುರಿಯ ಪೊಲ್ ಸಂಬೋಲದಲ್ಲಿ ಒಣಮೀನಿನ ಚೂರು ಸೇರಿಸುವುದುಂಟು. 'ಮಾಲು ಎಪಾ' ಅನ್ನಿ, ಮೀನು ಬೇಡ ಅಂತ. ಕರಾವಳಿಯವರಿಗಂತೂ ಮನೆಗೆ ಬಂದ ಹಾಗಾಗುತ್ತದೆ. ಪೊಲೊಸ್ ಅಂದರೆ ನಮ್ಮ ಗುಜ್ಜೆ ಗಸಿ, ಗೊಟುಕೊಲ ಅಂದರೆ ಒಂದೆಲಗ. ತಂಬಿಲಿ ಕೇಳಿದರೆ ತಂಬುಳಿ ಬರುವುದಿಲ್ಲ, ಗೆಂದಾಳಿ ಎಳನೀರು ಬರುತ್ತದೆ. ಹುಣ್ಣಿಮೆ ಅಲ್ಲಿ 'ಪೋಯ' ರಜೆ. ಅವತ್ತು ಹೆಂಡ ಮಾರುವುದಿಲ್ಲ, ಗುಡಿಗಳಲ್ಲಿ ಜನವೋ ಜನ.

ಹೊರಡುವ ಮೊದಲು ಇಟಿಎ ಎಂಬ ಆನ್‌ಲೈನ್ ಅನುಮತಿ ಬೇಕು. ಶುಲ್ಕದ ನಿಯಮ ಆಗಾಗ ಬದಲಾಗುತ್ತದೆ, ಸರ್ಕಾರದ ತಾಣದಲ್ಲೇ ನೋಡಿ. ಪಾಸ್‌ಪೋರ್ಟಿಗೆ ಆರು ತಿಂಗಳ ಅವಧಿ ಉಳಿದಿರಬೇಕು. 2024ರಿಂದ ಅಲ್ಲಿ ಯುಪಿಐ ನಡೆಯುತ್ತದೆ, ಆದರೂ ಹೂ ಮಾರುವ ಹುಡುಗನಿಗೆ ನೋಟು ಬೇಕು.

ಕೊನೆಯ ದಿನ ಕಿತುಲ್ ಪಾನಿ ಕೊಳ್ಳಿ. ನಮ್ಮ ಬೈನೆ ಮರದ್ದೇ ಪಾಕ, ಎಮ್ಮೆ ಮೊಸರಿಗೆ ಸುರಿದುಕೊಂಡು ತಿನ್ನುವುದು. ಬಾಟಲಿಯನ್ನು ಚೆಕ್-ಇನ್ ಬ್ಯಾಗಿಗೆ ಹಾಕಿ. ನಾನು ಕೈಚೀಲದಲ್ಲಿ ಇಟ್ಟಿದ್ದೆ, ಅದು ಸೆಕ್ಯುರಿಟಿ ಮೇಜಿನ ಮೇಲೇ ಉಳಿಯಿತು. ಎಣ್ಣೆ ಬಾಟಲಿ ಮಾತ್ರ ಸುಖವಾಗಿ ಮುಲುಂಡು ಸೇರಿತು.