ಹಂಬಕರ್‌ಗೆ ಮೆಟಲ್ ಕವರ್: ಕೊನೆಗೂ ಕಿರುಚದೆ ನಿಂತಿತು (ನನ್ನ ಅನುಭವ)

ಎಲೆಕ್ಟ್ರಿಕ್ ಗಿಟಾರ್‌ನಲ್ಲಿ ತಂತಿಯ ನಡುಕವನ್ನು ಹಿಡಿಯುವುದು ಪಿಕಪ್, ಅದರಲ್ಲಿ ಎರಡು ಕಾಯಿಲ್ (ತಂತಿ ಸುರುಳಿ) ಇರುವುದು ಹಂಬಕರ್. ಅದಕ್ಕೆ ಮೆಟಲ್ ಕವರ್ ಹಾಕಿದರೆ ಟ್ರೆಬಲ್ (ಸೌಂಡ್‌ನ ಮೇಲಿನ ಹೊಳಪು) ಹೋಗುತ್ತದೆ, ಆಂಪ್‌ನಲ್ಲಿ ಗೇನ್ (ಸಿಗ್ನಲ್‌ನ ಜೋರು) ಏರಿಸಿದರೆ ಕಿರುಚುತ್ತದೆ, ಸುಮ್ನೆ ದುಡ್ಡು ದಂಡ. ಬೆಂಗಳೂರಿನಲ್ಲಿ ಗಿಟಾರ್ ರಿಪೇರಿ ಮಾಡುವ ಎಲ್ಲರೂ ನನಗೆ ಹೇಳಿದ್ದು ಇದೇ. ಈಗ ನನ್ನ ಗಿಟಾರ್‌ನಲ್ಲಿ ಎರಡೂ ಪಿಕಪ್‌ಗೆ ಕವರ್ ಇದೆ. ಆಂಪ್ ಮುಂದೆ ನಿಂತು ಗೇನ್ ಪೂರ್ತಿ ತಿರುಗಿಸಿದರೂ ಕಿರುಚುವುದಿಲ್ಲ. ಹಾಗೆ ಹೇಳಿದವರಲ್ಲಿ ಒಂದಿಬ್ಬರು ತಮ್ಮ ಗಿಟಾರ್‌ಗಳನ್ನೇ ನನ್ನ ಹತ್ತಿರ ತಂದಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಅಂದಕ್ಕೆ ಅಂತ ಶುರು ಮಾಡಿದ್ದಲ್ಲ. ನಮ್ಮ ಬಾಡಿಗೆ ಮನೆಯ ಅರ್ಥಿಂಗ್ ಸರಿ ಇಲ್ಲ, ಜೊತೆಗೆ ಎಲ್‌ಇಡಿ ಬಲ್ಬು, ಇನ್ವರ್ಟರ್. 50 ಹರ್ಟ್ಸ್‌ನ ಗುಂಯ್ ಸದ್ದನ್ನು ಹಂಬಕರ್ ತಾನೇ ಕೊಲ್ಲುತ್ತದೆ ಸರಿ, ಆದರೆ ಆ ಚರಚರ ಅನ್ನುವ ಬಜ್ ಇದೆಯಲ್ಲ, ಅದಕ್ಕೆ ಕಾಯಿಲ್ ಸುತ್ತ ಗ್ರೌಂಡ್ ಆದ (ಗಿಟಾರ್‌ನ ಗ್ರೌಂಡ್ ತಂತಿಗೆ ಸೇರಿಸಿದ) ಲೋಹವೇ ಬೇಕು. ಗಿಟಾರ್ ಕಂಪನಿ ಗಿಬ್ಸನ್‌ನ ಸೆತ್ ಲವರ್ 1955ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದ ಹಂಬಕರ್, 1957ರಲ್ಲಿ ಅದೇ ಕಂಪನಿಯ ಲೆಸ್ ಪಾಲ್ ಗಿಟಾರ್‌ಗೆ ಬಂದಾಗ ಕವರ್ ಹಾಕಿಕೊಂಡೇ ಬಂತು. ಆಮೇಲೆ ಅರವತ್ತರ ದಶಕದ ಕೊನೆಯಲ್ಲಿ ಗಿಟಾರಿಸ್ಟ್‌ಗಳು ಅದನ್ನು ಕಿತ್ತು ಎಸೆಯಲು ಶುರು ಮಾಡಿದರು. ಕಿತ್ತರೆ ಸೌಂಡ್ ಸ್ವಲ್ಪ ತೆರೆದುಕೊಳ್ಳುತ್ತದೆ ನಿಜ. ಆದರೆ ಎಷ್ಟು ಅನ್ನುವುದು ಕವರ್ ಯಾವ ಲೋಹದ್ದು ಅನ್ನುವುದರ ಮೇಲೆ ನಿಂತಿದೆ, ಅದನ್ನು ಯಾರೂ ಹೇಳುವುದಿಲ್ಲ.

ಮೊದಲು ನಾನು ತರಿಸಿದ್ದು ಆನ್‌ಲೈನ್‌ನಲ್ಲಿ ಸಿಗುವ ಅಗ್ಗದ ಜೋಡಿ, ಐನೂರು ರೂಪಾಯಿ ಆಸುಪಾಸು. ಕ್ರೋಮ್ ಪಾಲಿಶ್, ಕನ್ನಡಿ ಥರ ಹೊಳಪು. ಹಾಕಿ ನುಡಿಸಿದರೆ ಕಂಬಳಿ ಹೊದಿಸಿದ ಹಾಗೆ ಸೌಂಡ್. ಒಳಗಡೆ ಅಂಚಿನಲ್ಲಿ ಅರದಿಂದ ಒಂದು ಸಲ ಉಜ್ಜಿ ನೋಡಿದೆ, ಹಳದಿ. ಹಿತ್ತಾಳೆ! ಹಿತ್ತಾಳೆಯಲ್ಲಿ ಎಡ್ಡಿ ಕರೆಂಟ್ (ಲೋಹದೊಳಗೇ ಸುಳಿ ಸುತ್ತುವ ಕರೆಂಟ್) ಜಾಸ್ತಿ ಹರಿಯುತ್ತದೆ, ಮೇಲಿನ ಫ್ರೀಕ್ವೆನ್ಸಿ ಅಲ್ಲೇ ಸೋರಿಹೋಗುತ್ತದೆ. ಬೇಕಾಗಿದ್ದು ನಿಕಲ್ ಸಿಲ್ವರ್, ಅಂದರೆ ನಮ್ಮಲ್ಲಿ ವರಮಹಾಲಕ್ಷ್ಮಿ ಹಬ್ಬಕ್ಕೆ ತಟ್ಟೆ, ಕುಂಕುಮದ ಬಟ್ಟಲು ಕೊಳ್ಳುತ್ತಾರಲ್ಲ, ಆ ಜರ್ಮನ್ ಸಿಲ್ವರ್. ಬೆಳ್ಳಿ ಚೂರೂ ಇಲ್ಲ, ತಾಮ್ರ, ನಿಕಲ್, ಸತು ಅಷ್ಟೇ. ಕರೆಂಟ್ ಹರಿಯಲು ಹಿತ್ತಾಳೆಗಿಂತ ತಡೆ ಜಾಸ್ತಿ, ಅದೇ ನಮಗೆ ಅನುಕೂಲ. ಅರದಿಂದ ಉಜ್ಜಿದಾಗ ಒಳಗೂ ಬಿಳಿಯಾಗಿಯೇ ಇದ್ದರೆ ಅದು ಸರಿಯಾದ ಮಾಲು. ಮ್ಯಾಗ್ನೆಟ್‌ಗೆ ಗಟ್ಟಿಯಾಗಿ ಅಂಟಿಕೊಂಡರೆ ಕಬ್ಬಿಣ, ಅದನ್ನು ಮುಟ್ಟಲೇಬೇಡಿ.

ಸುಮ್ಮನೆ ಕಿವಿ ನಂಬುವುದು ಬೇಡ ಅಂತ ಒಂದು ಸಣ್ಣ ಕಾಯಿಲ್ ಸುತ್ತಿ, ಆಡಿಯೋ ಇಂಟರ್‌ಫೇಸ್‌ನಿಂದ (ಕಂಪ್ಯೂಟರ್‌ಗೆ ಜೋಡಿಸುವ ಸೌಂಡ್ ಡಬ್ಬಿ) ಅದಕ್ಕೆ ಸ್ವೀಪ್ (ಕೆಳಗಿನಿಂದ ಮೇಲಕ್ಕೆ ಏರುವ ಸಿಗ್ನಲ್) ಕೊಟ್ಟು, ಪಿಕಪ್‌ನ ರೆಸೊನೆನ್ಸ್, ಅಂದರೆ ಅದು ಅತಿ ಜೋರಾಗಿ ಹಿಡಿಯುವ ಫ್ರೀಕ್ವೆನ್ಸಿಯ ಪೀಕ್ ಅಳೆದೆ. ಹಿತ್ತಾಳೆ ಕವರ್‌ನಲ್ಲಿ ಪೀಕ್ ನಾಲ್ಕೈದು ಡೆಸಿಬೆಲ್ ಕುಸಿಯಿತು. ಜರ್ಮನ್ ಸಿಲ್ವರ್‌ನಲ್ಲಿ ಒಂದು, ಒಂದೂವರೆ ಇರಬೇಕು. ಟೋನ್ ನಾಬ್ ಕೂದಲೆಳೆ ತಿರುಗಿಸಿದಷ್ಟು. ಡಬ್ಬದ ಮೇಲೆ ಬರೆದಿದ್ದನ್ನು ನಂಬಬೇಡಿ, ಉಜ್ಜಿಯೇ ನೋಡಿ.

ನಿಜವಾದ ಜರ್ಮನ್ ಸಿಲ್ವರ್ ಕವರ್ ಹೊರಗಿಂದ ತರಿಸಬೇಕು. ಒಂದಕ್ಕೆ ಸಾವಿರದ ಇನ್ನೂರು, ಮುನ್ನೂರು, ಮೇಲೆ ಕೊರಿಯರ್, ಕಸ್ಟಮ್ಸ್. ಒಂದೇ ಸಲ ನಾಲ್ಕೈದು ತರಿಸಿದರೆ ಸ್ವಲ್ಪ ಇಳಿಯುತ್ತದೆ. ಆದರೆ ಆರ್ಡರ್ ಮಾಡುವ ಮೊದಲು ಮೊದಲನೇ ಪೋಲ್ ಸ್ಕ್ರೂ (ಪಿಕಪ್ ಮೇಲೆ ಒಂದೊಂದು ತಂತಿಯ ಕೆಳಗಿರುವ ಸ್ಕ್ರೂ) ಮಧ್ಯದಿಂದ ಆರನೆಯದರ ಮಧ್ಯಕ್ಕೆ ಅಳೆಯಿರಿ. 49, 50, 52, 53 ಮಿ.ಮೀ. ಎಲ್ಲ ಥರವೂ ಇವೆ. ನೆಕ್ ಕಡೆಯ ಪಿಕಪ್, ಬ್ರಿಜ್ ಕಡೆಯ ಪಿಕಪ್ ಎರಡರ ಅಳತೆ ಒಂದೇ ಇರುತ್ತದೆ ಅಂತಲೂ ಅಂದುಕೊಳ್ಳಬೇಡಿ. ತೂತು ದೊಡ್ಡದು ಮಾಡಿ ಹೊಂದಿಸಬಹುದು ಅಂತ ಒಬ್ಬರು ಸಲಹೆ ಕೊಟ್ಟಿದ್ದರು. ಮಾಡಿದರೆ ಸ್ಕ್ರೂ ತಲೆಯ ಪಕ್ಕದಲ್ಲಿ ಅರ್ಧಚಂದ್ರ ಕಾಣುತ್ತದೆ, ಆ ಕವರ್ ಎತ್ತಿಡಬೇಕಷ್ಟೆ.

ಈಗ ಕಿರುಚುವ ವಿಷಯ. ಇದಕ್ಕೇ ಅತಿ ಜಾಸ್ತಿ ಸಮಯ ಹೋಯಿತು. ಕವರ್‌ಗೂ ಬಾಬಿನ್‌ಗೂ (ಕಾಯಿಲ್ ಸುತ್ತಿರುವ ಚೌಕಟ್ಟು) ನಡುವೆ ಕೂದಲಷ್ಟು ಜಾಗ ಇದ್ದರೂ ಆ ತಗಡು ನಡುಗುತ್ತದೆ, ಆಗ ಪಿಕಪ್ ಮೈಕ್ ಆಗಿಬಿಡುತ್ತದೆ. ಮಾಸ್ಕಿಂಗ್ ಟೇಪ್ ಒಳಗೆ ಅಂಟಿಸಿ ನೋಡಿದೆ, ಕಿರುಚುವ ಸ್ವರ ಬದಲಾಯಿತು, ನಿಲ್ಲಲಿಲ್ಲ. ಸಿಲಿಕಾನ್ ಹಾಕಿ, ಸೋಲ್ಡರ್ ಇಲ್ಲದೆ ಕೂರಿಸಿದೆ. ಕಿರುಚುವುದು ಕಡಿಮೆ ಆಯಿತು, ಆದರೆ ಕವರ್ ಗ್ರೌಂಡ್ ಆಗಿಲ್ಲವಲ್ಲ, ಬೆರಳು ತಾಗಿದಾಗೆಲ್ಲ ಬಜ್! ಬಜ್ ಹೋಗಲಿ ಅಂತ ತಾನೇ ಇಷ್ಟೆಲ್ಲ ಮಾಡಿದ್ದು? ಮೇಲಾಗಿ ಸಿಲಿಕಾನ್ ಬಿಡಿಸಲು ಹೋದಾಗ ಕಾಯಿಲ್‌ನ ತಂತಿ ತುಂಡಾಗಿ ಒಂದು ಪಿಕಪ್ ಕೈಕೊಟ್ಟಿತು. ರೀವೈಂಡಿಂಗ್‌ಗೆ ಸಾವಿರದೈನೂರು ಹೋಯಿತು.

ಕೊನೆಗೆ ಕೆಲಸ ಮಾಡಿದ ಕ್ರಮ ಹೀಗೆ. ಪೋಲ್ ಸ್ಕ್ರೂಗಳನ್ನು ಪೂರ್ತಿ ತೆಗೆಯಿರಿ. ಸ್ಲಗ್ (ಇನ್ನೊಂದು ಕಾಯಿಲ್‌ನಲ್ಲಿ ಸ್ಕ್ರೂ ಬದಲು ಇರುವ ಲೋಹದ ತುಂಡು) ಇರುವ ಕಡೆ ಬಾಬಿನ್ ಮೇಲೆ ಸ್ಲಗ್ ಒಂದಿಷ್ಟು ಎದ್ದಿರುತ್ತದೆ, ಅದನ್ನು ಮಟ್ಟಕ್ಕೆ ತಳ್ಳದೆ ಕವರ್ ಎಂದೂ ಚಪ್ಪಟೆಯಾಗಿ ಕೂರುವುದಿಲ್ಲ. ಕವರ್ ಒಳಗೆ ಕರಗಿದ ಮೇಣ ಒಂದೆರಡು ಚಮಚ, ಆರುವ ಮೊದಲೇ ಪಿಕಪ್ ಅದರೊಳಗೆ, ಸ್ಕ್ರೂ ವಾಪಸ್. ಕವರ್ ಮತ್ತು ಬೇಸ್‌ಪ್ಲೇಟ್ (ಪಿಕಪ್‌ನ ತಳದ ತಗಡು) ಎರಡನ್ನೂ ಗಟ್ಟಿಯಾಗಿ ಒತ್ತಿಹಿಡಿದುಕೊಂಡೇ ಸೋಲ್ಡರ್ ಮಾಡಬೇಕು, ಇದೇ ಇಡೀ ಕೆಲಸದ ಜೀವಾಳ. ಒತ್ತಿಹಿಡಿಯಲು ನಾನು ಒಂದು ಜಿಗ್ ಮಾಡಿಕೊಂಡಿದ್ದೇನೆ, ಅದರ ವಿವರ ಇಲ್ಲಿ ಕೊಡುವುದಿಲ್ಲ, ಅದರಿಂದಲೇ ನನಗೆ ಒಂದಿಷ್ಟು ಕೆಲಸ ಬರುತ್ತಿದೆ. ರಬ್ಬರ್ ಹಚ್ಚಿದ ಕ್ಲಾಂಪ್‌ನಲ್ಲೂ ಮಾಡಬಹುದು, ನಿಧಾನ ಅಷ್ಟೆ.

25 ವಾಟ್ ಐರನ್ ಇಲ್ಲಿ ನಡೆಯುವುದಿಲ್ಲ. ಇಡೀ ತಗಡು ಬಿಸಿಯನ್ನು ಎಳೆದುಕೊಳ್ಳುತ್ತದೆ, ನೀವು ಹಿಡಿದೇ ಇರುತ್ತೀರಿ, ಅಷ್ಟರಲ್ಲಿ ಒಳಗೆ ಬಾಬಿನ್ ಮೆತ್ತಗಾಗುತ್ತದೆ. ಎಸ್‌ಪಿ ರೋಡ್‌ನಲ್ಲಿ ತಂದ 100 ವಾಟ್‌ನದು, ಅಗಲ ಟಿಪ್, ಮೂರು ನಾಲ್ಕು ಸೆಕೆಂಡಿನಲ್ಲಿ ಮುಗಿಯಬೇಕು. ಎರಡು ಕಡೆ ಒಂದೊಂದು ಬೊಟ್ಟು ಸಾಕು. ಕ್ರೋಮ್ ಇದ್ದರೆ ಆ ಜಾಗದಲ್ಲಿ ಪೂರ್ತಿ ಕೆರೆದು ತೆಗೆಯಿರಿ, ಕ್ರೋಮ್ ಮೇಲೆ ಸೋಲ್ಡರ್ ಹಿಡಿಯುವುದೇ ಇಲ್ಲ.

ಆಮೇಲೆ ಕವರ್ ಸಮೇತ ಮೇಣದಲ್ಲಿ ಮುಳುಗಿಸುವುದು. ಪಿಕಪ್‌ಗೆ ಮೊದಲೇ ಪಾಟಿಂಗ್ (ಮೇಣ ತುಂಬಿಸುವುದು) ಆಗಿದೆಯಲ್ಲ ಅಂತ ಇದನ್ನು ಬಿಟ್ಟರೆ ಎಲ್ಲ ವ್ಯರ್ಥ. ಪ್ಯಾರಾಫಿನ್ ನಾಲ್ಕು ಪಾಲು, ಜೇನುಮೇಣ ಒಂದು ಪಾಲು. ಬರೀ ಪ್ಯಾರಾಫಿನ್ ಆರಿದ ಮೇಲೆ ಬಿರುಕು ಬಿಡುತ್ತದೆ. ನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು 60ರಿಂದ 65 ಡಿಗ್ರಿ, ಥರ್ಮಾಮೀಟರ್ ಇಟ್ಟುಕೊಂಡೇ. ಅದಕ್ಕಿಂತ ಜಾಸ್ತಿ ಆದರೆ ಬಾಬಿನ್ ಸೊಟ್ಟಗಾಗಬಹುದು. ಮೇಣದ ಪಾತ್ರೆಯನ್ನು ನೇರ ಗ್ಯಾಸ್ ಮೇಲೆ ಇಡಬೇಡಿ, ಬೆಂಕಿ ಹತ್ತಿಕೊಳ್ಳುತ್ತದೆ. ಗುಳ್ಳೆ ಬರುವುದು ನಿಲ್ಲುವವರೆಗೆ ಬಿಡಿ, ಹದಿನೈದು ನಿಮಿಷ ಬೇಕಾಗಬಹುದು. ತೆಗೆದು ಒತ್ತಿಹಿಡಿದೇ ಆರಿಸಿ, ಬಿಸಿ ಇರುವಾಗಲೇ ಬಟ್ಟೆಯಲ್ಲಿ ಒರೆಸಿ. ಕವರ್ ಮೇಲೆ ಉಗುರಿನಿಂದ ತಟ್ಟಿದರೆ ಆಂಪ್‌ನಲ್ಲಿ ಟಣ್ ಅನ್ನಬಾರದು, ಮೆತ್ತಗೆ ಟಕ್ ಅನ್ನಬೇಕು.

ನಡುವೆ ಇನ್ನೊಂದು ಹುಚ್ಚು ಹತ್ತಿತ್ತು. ಪೂಜಾ ಸಾಮಾನು ಮಾಡುವವರ ಹತ್ತಿರ ಜರ್ಮನ್ ಸಿಲ್ವರ್ ತಗಡು ಸಿಗುತ್ತದಲ್ಲ, ನಾವೇ ಕವರ್ ಮಾಡಿದರೆ ಹೇಗೆ? ಅರ್ಧ ಮಿ.ಮೀ. ತಗಡು ತಂದು, ಕಬ್ಬಿಣದ ಅಚ್ಚಿನ ಮೇಲೆ ಬಡಿದೆ. ಮೂಲೆಗಳು ಸೀಳಿದವು. ಬಡಿದಷ್ಟೂ ಗಟ್ಟಿಯಾಗುವ ಲೋಹ ಅದು, ನಡುನಡುವೆ ಕಾಯಿಸಿ ಮೆತ್ತಗೆ ಮಾಡಿಕೊಳ್ಳಬೇಕು. ಕಾಯಿಸಿ ಮಾಡಿದಾಗ ಆಕಾರ ಬಂತು, ಆದರೆ ಪೀಣ್ಯದಲ್ಲಿ ಪ್ಲೇಟಿಂಗ್‌ಗೆ ಕೇಳಿದರೆ ಒಂದೆರಡು ಪೀಸ್‌ಗೆ ಹೇಳಿದ ರೇಟಿನಲ್ಲಿ ಹೊಸ ಕವರ್ ಜೋಡಿಯೇ ಬರುತ್ತಿತ್ತು. ಪ್ಲೇಟಿಂಗ್ ಇಲ್ಲದೆಯೇ ಒಂದನ್ನು ಹಾಕಿಕೊಂಡಿದ್ದೇನೆ, ಸ್ವಲ್ಪ ಮಂಕಾದ ಬಣ್ಣ, ನನಗೆ ಅದೇ ಇಷ್ಟ. ಹೊಸ ನಿಕಲ್ ಕವರ್ ಹಳೆಯದಾಗಿ ಕಾಣಬೇಕಾದರೆ, ಪಿಸಿಬಿ (ಸರ್ಕ್ಯೂಟ್ ಬೋರ್ಡ್) ಮಾಡಲು ಬಳಸುವ ಫೆರಿಕ್ ಕ್ಲೋರೈಡ್‌ನ ಆವಿಯಲ್ಲಿ ಮುಚ್ಚಿದ ಡಬ್ಬಿಯೊಳಗೆ ಕೆಲವು ಗಂಟೆ ಇಡಬಹುದು. ಬರೀ ಕವರ್ ಮಾತ್ರ, ಪಿಕಪ್‌ಗೆ ಹಾಕುವ ಮೊದಲು, ಮನೆ ಹೊರಗೆ.

ಟೆಲಿಕಾಸ್ಟರ್ ಅನ್ನುವ ಗಿಟಾರ್‌ನ ನೆಕ್ ಪಿಕಪ್‌ಗೆ ಮೊದಲಿಂದಲೂ ಮೆಟಲ್ ಕವರ್ ಇದೆ, ಅದಕ್ಕೆ ಇಷ್ಟು ಕಷ್ಟ ಇಲ್ಲ. ಆದರೆ ನಾಲ್ಕು ಪೊಸಿಷನ್ ಸ್ವಿಚ್ ಹಾಕಿ ಎರಡೂ ಪಿಕಪ್ ಸೀರೀಸ್ (ಒಂದರ ಹಿಂದೆ ಒಂದು ಜೋಡಣೆ) ಮಾಡುವವರು ಕವರ್‌ನ ಗ್ರೌಂಡನ್ನು ಕಾಯಿಲ್‌ನ ತಂತಿಯಿಂದ ಬಿಡಿಸಿ ಬೇರೆ ತಂತಿ ಕೊಡಿ, ಇಲ್ಲದಿದ್ದರೆ ಸೀರೀಸ್‌ನಲ್ಲಿ ಕವರ್ ಗ್ರೌಂಡ್‌ನಲ್ಲಿ ಇರುವುದೇ ಇಲ್ಲ, ಮುಟ್ಟಿದರೆ ಬಜ್.

ಈಗ ಒಂದು ಜೋಡಿಗೆ ಕವರ್, ಮೇಣ, ಗ್ಯಾಸ್ ಎಲ್ಲ ಸೇರಿ ಮೂರು ಸಾವಿರದ ಹತ್ತಿರ ಬೀಳುತ್ತದೆ, ಅರ್ಧ ದಿನದ ಕೆಲಸ. ಹಾಕಿದ ಮೇಲೆ ಸೌಂಡ್ ಸಣ್ಣದಾಯಿತು ಅಂತ ಕೆಲವರು ಫೋನ್ ಮಾಡುತ್ತಾರೆ. ಕವರ್‌ನ ಅರ್ಧ ಮಿ.ಮೀ. ದಪ್ಪ ನಡುವೆ ಬಂದಿದೆ, ಪಿಕಪ್ ಎತ್ತರಿಸಿಲ್ಲ ಅಷ್ಟೆ. ಕೊನೆಯ ಫ್ರೆಟ್ ಒತ್ತಿ ಹಿಡಿದು, ಬ್ರಿಜ್ ಕಡೆ ತಂತಿಗೂ ಪೋಲ್‌ಗೂ ಒಂದೂವರೆ ಮಿ.ಮೀ., ನೆಕ್ ಕಡೆ ಎರಡರ ಹತ್ತಿರ ಇಟ್ಟು, ಆಮೇಲೆ ನುಡಿಸಿ ನೋಡಿ.